ಹೊಳೆ ಹಿಡಿದು ಕಡಲಿಗೆ

ನಮ್ಮ ಕಡಬದ ತೋಟಗಳಲ್ಲಿ ಅಡಕೆ ಮರಕ್ಕೆ ಒಳ್ಳೆಮೆಣಸಿನ ಬಳ್ಳಿ ಹಬ್ಬಿರುತ್ತದೆ, ಮರಗಳ ನಡುವಿನ ನೆರಳಲ್ಲಿ ಕೊಕ್ಕೊ ಗಿಡ ನಿಂತಿರುತ್ತದೆ. ನಾವು ದಿನಾ ನೋಡುವ ಈ ಜೋಡಿ ಎಂಥ ಅಚ್ಚರಿ ಎಂದು ತಿಳಿದದ್ದು ಮಧ್ಯ ಅಮೆರಿಕದ ಮಾಯಾ ಜನರ ದ್ವೀಪಗಳ ಬಗ್ಗೆ ಓದುವಾಗ. 1502ರಲ್ಲಿ ಕೊಲಂಬಸ್ ತನ್ನ ಕೊನೆಯ ಯಾನದಲ್ಲಿ ಹೊಂಡುರಾಸ್ ತೀರದ ಗುವಾನಾಹಾ ದ್ವೀಪದ ಹತ್ತಿರ ಭಾರೀ ದೋಣಿಯೊಂದನ್ನು ಕಂಡ. ಒಂದೇ ಮರವನ್ನು ಕೊರೆದು ಮಾಡಿದ ದೋಣಿ, ಹುಟ್ಟು ಹಾಕಲು ಇಪ್ಪತ್ತೈದು ಜನ, ನಡುವೆ ಗರಿಯ ಚಪ್ಪರ. ಒಳಗೆ ಹತ್ತಿಯ ಬಟ್ಟೆ, ತಾಮ್ರದ ಕೊಡಲಿ, ತಾಮ್ರದ ಗೆಜ್ಜೆ, ಜೊತೆಗೆ ಬಾದಾಮಿಯಂತೆ ಕಾಣುವ ಒಂದು ಬಗೆಯ ಬೀಜ. ಆ ಬೀಜ ಕೆಳಗೆ ಬಿದ್ದರೆ ದೋಣಿಯವರೆಲ್ಲ ಬಗ್ಗಿ ಹುಡುಕಿ ಹೆಕ್ಕುತ್ತಿದ್ದರು. ಅದು ಕೊಕ್ಕೊ. ಅವರಿಗೆ ಅದೇ ಪಾನೀಯ, ಅದೇ ದುಡ್ಡು. ಕೊಲಂಬಸ್ ಮನೆ ಬಿಟ್ಟದ್ದು ನಮ್ಮ ಕಡೆಯ ಸಾಂಬಾರ ಪದಾರ್ಥ ಹುಡುಕಿಕೊಂಡು. ಅವನಿಗೆ ಎದುರಾದದ್ದು ಕೊಕ್ಕೊ ತುಂಬಿದ ದೋಣಿ. ಅವನು ಹುಡುಕಿದ ಒಳ್ಳೆಮೆಣಸೂ ಅವನಿಗೆ ಸಿಕ್ಕಿದ ಕೊಕ್ಕೊವೂ ಈಗ ಕಡಬದಲ್ಲಿ ಒಂದೇ ಮಳೆ ಕುಡಿದು ಬೆಳೆಯುತ್ತಿವೆ! 1970ರ ದಶಕದಲ್ಲಿ ಕೊಕ್ಕೊ ಈ ಕಡೆಯ ತೋಟಗಳಿಗೆ ಹಬ್ಬಿತು. ಮುಂದೆ ಕೊಳ್ಳುವವರು ಹಿಂದೆ ಸರಿದಾಗ 1973ರಲ್ಲಿ ಹುಟ್ಟಿದ್ದ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಕೈಹಿಡಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ತೆರೆಯಿತು. ಕಾಯಿ ಒಡೆದರೆ ಬಿಳಿ ಲೋಳೆ, ಸಿಹಿ ಹುಳಿ ರುಚಿ, ಒಳಗೆ ನೇರಳೆ ಬಣ್ಣದ ಬೀಜ. ಮಕ್ಕಳು ಲೋಳೆ ಚೀಪಿ ಬೀಜ ಉಗುಳುತ್ತಾರೆ. ಮಾಯಾ ಸಂತೆಯಲ್ಲಿ ಆ ಬೀಜ ಎಣಿಸಿ ಸಾಮಾನು ಕೊಳ್ಳುತ್ತಿದ್ದರು.

ಆ ದ್ವೀಪಗಳ ಪುರಾತತ್ವ ನನ್ನನ್ನು ಹಿಡಿದುಕೊಂಡು ಬಿಟ್ಟಿತು. ಯುಕಟಾನ್ ಉತ್ತರ ತೀರದ ಇಸ್ಲಾ ಸೆರಿಟೋಸ್ ತೋಟದ ಒಂದು ತುಂಡಿನಷ್ಟೇ ಇರುವ ದ್ವೀಪ. ಅದರ ದಕ್ಷಿಣಕ್ಕೆ 300 ಮೀಟರಿಗೂ ಉದ್ದದ ಕಲ್ಲಿನ ತಡೆಗೋಡೆ ಕಟ್ಟಿ ಅದನ್ನು ಬಂದರು ಮಾಡಿದ್ದರು. ಒಳನಾಡಿನ ಮಹಾನಗರ ಚಿಚೆನ್ ಇಟ್ಜಾಕ್ಕೆ ಅದೇ ಕಡಲ ಬಾಗಿಲು. ಬೆಲೀಜಿನ ವೈಲ್ಡ್ ಕೇನ್ ಕೇ ಎಂಬ ಪುಟ್ಟ ದ್ವೀಪದಲ್ಲಿ ಹೆದರ್ ಮೆಕಿಲಪ್ ಎಂಬ ಪುರಾತತ್ವಜ್ಞೆ 1980ರ ದಶಕದಿಂದ ಅಗೆತ ನಡೆಸಿದರು. ಅಲ್ಲಿ ಸಿಕ್ಕಿದ್ದು ಕಪ್ಪು ಗಾಜಿನಂತೆ ಹೊಳೆಯುವ ಆಬ್ಸಿಡಿಯನ್ ಎಂಬ ಜ್ವಾಲಾಮುಖಿ ಕಲ್ಲಿನ ರಾಶಿ ರಾಶಿ ಚೂರು. ಆ ದ್ವೀಪದಲ್ಲಿ ಅಂಥ ಕಲ್ಲೇ ಇಲ್ಲ. ಅದು ನೂರಾರು ಕಿಲೋಮೀಟರ್ ದೂರದ ಗ್ವಾಟೆಮಾಲದ ಬೆಟ್ಟಗಳದ್ದು. ಅವರೇ ಹತ್ತಿರದ ಪೇನ್ಸ್ ಕ್ರೀಕಿನ ಕೆಸರಲ್ಲಿ ಮಾಯಾ ಉಪ್ಪಿನ ಕೊಟ್ಟಿಗೆಗಳ ಮರದ ಕಂಬಗಳನ್ನು ಕಂಡರು, 2004ರಲ್ಲಿ ಇಡೀ ಒಂದು ಹುಟ್ಟನ್ನೂ ಎತ್ತಿದರು. ಸಾವಿರ ವರ್ಷಕ್ಕೂ ಹಳೆಯ ಮರ ಕಾಂಡ್ಲಾ ಕೆಸರಿನೊಳಗೆ ಕೊಳೆಯದೆ ಉಳಿದಿತ್ತು. ಉಪ್ಪು ಬೇಯಿಸಿ ಗಟ್ಟಿ ಮಾಡಿ ದೋಣಿಯಲ್ಲಿ ಒಳನಾಡಿಗೆ ಏರಿಸುತ್ತಿದ್ದರು. ಬೆಟ್ಟದ ಕಲ್ಲು ಅದೇ ಹೊಳೆಗಳಲ್ಲಿ ಇಳಿಯುತ್ತಿತ್ತು. ಕಡಲ ದ್ವೀಪವನ್ನು ಅಗೆದರೆ ಬೆಟ್ಟ ಸಿಗುತ್ತದೆ!

ಹಾಗಾದರೆ ನಮ್ಮ ಹೊಳೆ ಸೇರುವ ಕಡಲಂಚಿನ ಹಳೆ ಬಂದರುಗಳಲ್ಲಿ, ಹೊಳೆ ನಡುವಿನ ದ್ವೀಪಗಳಾದ ಕುದ್ರುಗಳಲ್ಲಿ, ಅಲ್ಲಿಂದ ಹೊರಟ ದೋಣಿಗಳ ಕಡತಗಳಲ್ಲಿ ನಮ್ಮ ಬೆಟ್ಟ ಸಿಗುತ್ತದೆಯೇ? ಒಳ್ಳೆಮೆಣಸು ಕೊಯ್ದು ಅಂಗಳಕ್ಕೆ ಹರಡುವ ಕಾಲದಲ್ಲಿ ಈ ಪ್ರಶ್ನೆ ಹೊತ್ತುಕೊಂಡೇ ಹೊರಟೆ. ದಾರಿ ತೋರಲು ಕುಮಾರಧಾರೆ ಇದ್ದಳು.

ಪುಷ್ಪಗಿರಿಯ ಕಡೆಯಿಂದ ಇಳಿದು ಸುಬ್ರಹ್ಮಣ್ಯದಲ್ಲಿ ಭಕ್ತರನ್ನು ಮೀಯಿಸಿ ಬರುವ ಹೊಳೆ ಇದು. ಇದನ್ನು ಸೇರುವ ಗುಂಡ್ಯ ಹೊಳೆಯ ಮೇಲಿನ ಹೊಸಮಠದ ಹಳೆಯ ಮುಳುಗು ಸೇತುವೆಯನ್ನು ಬಲ್ಲವರಿಗೆ ಈ ನೀರಿನ ಮಳೆಗಾಲದ ರೂಪ ಗೊತ್ತು. ಬೇಸಗೆಗೆ ಮುಂಚೆ ನೋಡಿದರೆ ಅದೇ ಹೊಳೆಯಲ್ಲಿ ಕಲ್ಲುಗಳ ಬೆನ್ನು ಕಾಣುತ್ತದೆ, ಮೀನು ಎಣಿಸಬಹುದು. ಶಾಂತಿಮೊಗರಿನ ಸೇತುವೆ ಮೇಲೆ ನಿಂತು ಕೆಳಗೆ ನೋಡಿದೆ. ಎರಡೂ ದಂಡೆಯಲ್ಲಿ ಅಡಕೆ ತೋಟ, ರಬ್ಬರ್ ಗುಡ್ಡೆ. ಈ ಸೇತುವೆ ಈಚಿನದು. ಅದಕ್ಕೆ ಮುಂಚೆ ಕಡವಿನ ದೋಣಿಯೇ ದಾರಿ, ಹೊರೆ ದಾಟಿದ್ದು ಹಾಗೆಯೇ.

ಉಪ್ಪಿನಂಗಡಿಯಲ್ಲಿ ಕುಮಾರಧಾರೆ ನೇತ್ರಾವತಿಯನ್ನು ಕೂಡುತ್ತದೆ. ಸಹಸ್ರಲಿಂಗೇಶ್ವರ ದೇವಸ್ಥಾನದ ಮೆಟ್ಟಿಲಿಳಿದು ಕೂಡಲಿನಲ್ಲಿ ಕಾಲಿಟ್ಟೆ. ಮಳೆ ಜೋರಾದ ವರ್ಷ ಎರಡೂ ಹೊಳೆಗಳ ನೆರೆ ದೇವಸ್ಥಾನದ ಮುಂದೆ ಬಂದು ಒಂದಾಗುತ್ತದೆ, ಜನ ಆ ಸಂಗಮಕ್ಕೆ ಪೂಜೆ ಮಾಡಲು ರಾತ್ರಿಯೆಲ್ಲ ಕಾಯುತ್ತಾರೆ. ನಾನು ಹೋದಾಗ ಮರಳು ತೆರೆದಿತ್ತು. ಎರಡು ಕಣಿವೆಗಳ ಸರಕು ಬಂದು ಸೇರಲೇಬೇಕಾದ ಜಾಗ ಅದು. ಒಂದು ಕಡೆ ಸುಬ್ರಹ್ಮಣ್ಯ, ಬಿಸಿಲೆ. ಇನ್ನೊಂದು ಕಡೆ ಧರ್ಮಸ್ಥಳ, ಚಾರ್ಮಾಡಿ. ಘಟ್ಟ ಹತ್ತುವ ಹೇರೆತ್ತಿನ ಸಾಲುಗಳಿಗೆ ಕಡಲ ಉಪ್ಪೇ ಮುಖ್ಯ ಹೊರೆ. ನಕ್ಷೆಯನ್ನು ಬಿಡಿಸಿಟ್ಟು ನೋಡಿದರೆ ಇಲ್ಲಿ ಪೇಟೆ ಏಕೆ ಬೆಳೆಯಿತೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಉಪ್ಪಿನ ಮಾತು ಬಂದಾಗ 1837 ನೆನಪಾಗದೆ ಇರದು. ಅಮರ ಸುಳ್ಯದ ರೈತರು ಎದ್ದು ನಿಂತು, ಬೆಳ್ಳಾರೆಯ ಖಜಾನೆ ವಶಮಾಡಿಕೊಂಡು, ಇದೇ ಕಣಿವೆಯಲ್ಲಿ ಇಳಿದು ಮಂಗಳೂರಿನವರೆಗೂ ಹೋಗಿ ಏಪ್ರಿಲ್ 5ರಂದು ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಹಾರಿಸಿದರು. ಕೊಡಗಿನ ಅರಸರ ಕಾಲದಲ್ಲಿ ಧಾನ್ಯವಾಗಿ ಕೊಡುತ್ತಿದ್ದ ತೆರಿಗೆಯನ್ನು ಕಂಪನಿ ನಗದಾಗಿ ಕೇಳಿತ್ತು. ಉಪ್ಪು, ಹೊಗೆಸೊಪ್ಪು ಸರಕಾರದ ಏಕಸ್ವಾಮ್ಯವಾಗಿತ್ತು. ಕಡಲ ಸರಕಿನ ಮೇಲೆ ಕೈಯಿಟ್ಟರೆ ಬೆಟ್ಟ ಅಲುಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಡ.

ಬಂಟ್ವಾಳ, ಪಾಣೆಮಂಗಳೂರು ದಾಟಿದೆ. ರೈಲು, ಲಾರಿ ಬರುವ ಮುನ್ನ ಮಂಗಳೂರಿನ ದೋಣಿಗಳು ಇಲ್ಲಿಯವರೆಗೂ ಬರುತ್ತಿದ್ದವು.

ಮಂಗಳೂರಿನ ಬಂದರಿನಲ್ಲಿ ನನ್ನ ಕಾಲು ನಿಂತೇ ಬಿಟ್ಟಿತು. ಓಣಿಗೆ ಕಾಲಿಟ್ಟರೆ ಒಣಮೀನು, ಗೋಣಿ, ಮೆಣಸು, ಗೇರುಬೀಜದ ವಾಸನೆ ಒಟ್ಟಿಗೆ ಬರುತ್ತದೆ. ಈ ಊರಲ್ಲಿ ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಹದಿನೇಳು ವರ್ಷ ಇದ್ದ. ಹುಟ್ಟಿದ್ದು ಟ್ಯುನೀಷಿಯಾದ ಮಹ್ದಿಯಾದಲ್ಲಿ; ಏಡನ್ ಮೂಲಕ ಇಲ್ಲಿಗೆ ಬಂದು 1132ರಿಂದ 1149ರವರೆಗೆ ನೆಲೆಸಿದ. ಆಶು ಎಂಬ ದಾಸಿಯನ್ನು 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿಯೇ ಪತ್ರ ಬರೆದು ಬಿಡುಗಡೆ ಮಾಡಿದ, ಅವಳೊಡನೆ ಸಂಸಾರ ಮಾಡಿದ. ಇದೆಲ್ಲ ನಮಗೆ ಗೊತ್ತಾದದ್ದು ಕೈರೋದ ಒಂದು ಹಳೆಯ ಯಹೂದಿ ಪ್ರಾರ್ಥನಾಮಂದಿರದ ಉಗ್ರಾಣದಿಂದ. ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಎಸೆಯಬಾರದು ಎಂಬ ಕಟ್ಟಳೆಯಿಂದ ಅಲ್ಲಿನವರು ಕಾಗದವನ್ನೆಲ್ಲ ಒಂದು ಕೋಣೆಗೆ ಹಾಕುತ್ತಾ ಹೋದರು. 1896-97ರಲ್ಲಿ ಸೊಲೊಮನ್ ಶೆಕ್ಟರ್ ಅದರ ಬಹುಪಾಲನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಎಸ್.ಡಿ. ಗೊಯಿಟೈನ್ ಎಂಬ ವಿದ್ವಾಂಸರು ಆ ರಾಶಿಯಿಂದ ಹಿಂದೂ ಮಹಾಸಾಗರದ ವ್ಯಾಪಾರಿಗಳ ಪತ್ರಗಳನ್ನು ಒಂದೊಂದಾಗಿ ಹೆಕ್ಕಿ ಓದಿದರು. ಲೇಖಕ ಅಮಿತಾವ್ ಘೋಷ್ ಬೆನ್ ಯಿಜುವಿನ ಆಳಿನ ಜಾಡು ಹಿಡಿದು ಮಂಗಳೂರಿಗೆ ಬಂದಾಗ, ಆ ಆಳಿನ ಹೆಸರು ಬೊಮ್ಮ ಎಂದು ಗುರುತಿಸಲು ನೆರವಾದವರು ನಮ್ಮ ಪುಣಚದಲ್ಲಿ ಹುಟ್ಟಿದ ಪ್ರೊ. ಬಿ.ಎ. ವಿವೇಕ ರೈ. ಎಂಟು ನೂರು ವರ್ಷ ಹಳೆ ಕಾಗದದಲ್ಲಿ ಅಡಗಿದ್ದ ಹೆಸರನ್ನು ತುಳುನಾಡಿನವರೊಬ್ಬರು ಕಿವಿಗೊಟ್ಟು ಗುರುತಿಸಿದ ಈ ಪ್ರಸಂಗವನ್ನು ಎಷ್ಟು ಸಲ ಓದಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಬೆನ್ ಯಿಜುವಿಗೆ ಏಡನ್ನಿನಿಂದ ಬರುತ್ತಿದ್ದದ್ದು ಸಕ್ಕರೆ, ಒಣದ್ರಾಕ್ಷಿ, ಚಾಪೆ, ಬರೆಯಲು ಒಳ್ಳೆಯ ಕಾಗದ. ಒಡೆದ ಹಿತ್ತಾಳೆ ಪಾತ್ರೆಗಳೂ ಬರುತ್ತಿದ್ದವು. ಅವನ ಲೋಹದ ಕಾರ್ಖಾನೆಯಲ್ಲಿ ಕರಗಿಸಿ, ಹೇಳಿದ ಅಳತೆಗೆ ಹೊಸದು ಮಾಡಿ ಕಳಿಸಬೇಕಿತ್ತು. ಅವನು ಕಳಿಸುತ್ತಿದ್ದದ್ದು ಕಬ್ಬಿಣ, ಒಳ್ಳೆಮೆಣಸು, ಏಲಕ್ಕಿ, ಅಡಕೆ. ಹೌದು, ಅಡಕೆ! ಆ ಪತ್ರಗಳಲ್ಲಿ ಒಂದು ಜಗಳವೂ ಇದೆ. ಏಡನ್ನಿನ ವ್ಯಾಪಾರಿಗಳು ಇಲ್ಲಿಯ ಒಬ್ಬ ದಲ್ಲಾಳಿಗೆ ಏಲಕ್ಕಿಗೆಂದು ಮುಂಗಡ ಕೊಟ್ಟಿದ್ದರು. ಹಣ ಹೋಯಿತು, ಏಲಕ್ಕಿ ಬರಲಿಲ್ಲ. ಪತ್ರದ ಮೇಲೆ ಪತ್ರ ಬರೆದರು, ಕೊನೆಗೆ ಬೆನ್ ಯಿಜುವಿನ ಮೇಲೂ ಬೇಸರ ತೋಡಿಕೊಂಡರು. ಏಲಕ್ಕಿ ಬೆಳೆಯುವುದು ಕಡಲ ಕರೆಯಲ್ಲಿ ಅಲ್ಲ, ಘಟ್ಟದ ತಂಪಿನಲ್ಲಿ. ಕೊಯ್ಲಿನ ಹೊತ್ತಿಗೆ ಅಲ್ಲಿ ಏನಾಯಿತೋ, ಯಾರು ಯಾರಿಗೆ ಕೊಟ್ಟರೋ. ಮಳೆ ಹೆಚ್ಚಾದರೆ, ಮಂಗ ಹೊಕ್ಕರೆ ಬೆಳೆ ಹೋಗುವ ಕಷ್ಟ ಕಂಡ ನಾನು ಆ ದಲ್ಲಾಳಿಯನ್ನು ಪೂರಾ ಕಳ್ಳನೆಂದು ಒಪ್ಪಲಾರೆ. ನಾನು ಹುಡುಕಿಕೊಂಡು ಬಂದ ಬೆಟ್ಟ ಇಲ್ಲಿತ್ತು, ಕೈರೋದ ಉಗ್ರಾಣದ ಒಂದು ಹಳೆ ಸಾಲದ ತಕರಾರಿನಲ್ಲಿ.

ಇನ್ನೂ ಹಿಂದಕ್ಕೆ ಹೋಗಬಹುದು. ಕೆಂಪು ಸಮುದ್ರದ ದಂಡೆಯ ಬೆರೆನಿಕೆ ಎಂಬ ಹಾಳು ಬಂದರಿನ ಸೆರಾಪಿಸ್ ಗುಡಿಯ ಅಂಗಳದಲ್ಲಿ ಭಾರತದಲ್ಲಿ ಮಾಡಿದ ಒಂದು ದೊಡ್ಡ ಮಣ್ಣಿನ ಹಂಡೆ ಅಗೆದವರ ಕೈಗೆ ಸಿಕ್ಕಿತು. ಅದರಲ್ಲಿ ಏಳೂವರೆ ಕಿಲೋ ಒಳ್ಳೆಮೆಣಸು ಹಾಗೆಯೇ ಇತ್ತು. ಮೊದಲನೆಯ ಶತಮಾನದ ಮೆಣಸು. ಒಣಗಿ ಸುಕ್ಕುಗಟ್ಟಿದ ಕಪ್ಪು ಕಾಳುಗಳ ಚಿತ್ರ ನೋಡಿದ್ದೇನೆ; ನಮ್ಮ ಅಂಗಳದ ಚಾಪೆಯ ಮೇಲಿನದಕ್ಕೂ ಅದಕ್ಕೂ ವ್ಯತ್ಯಾಸ ಹೇಳಲು ನನ್ನಿಂದಾಗದು. ಪಶ್ಚಿಮ ಘಟ್ಟದ ಯಾವುದೋ ಬಳ್ಳಿಯ ಕಾಳು ಎರಡು ಸಾವಿರ ವರ್ಷ ಮರುಭೂಮಿಯಲ್ಲಿ ಕಾದು ಕೂತಿತ್ತು.

ಹಳೆ ಬಂದರಿನ ದಕ್ಕೆಯಲ್ಲಿ ಮಂಜಿಗಳು ಸಾಲಾಗಿ ನಿಂತಿದ್ದವು. ಮರದ ಹೊಟ್ಟೆಯ ದೊಡ್ಡ ಸರಕು ಹಡಗುಗಳು. ಹಲಗೆಯ ಮೇಲೆ ಹೆಜ್ಜೆಯಿಟ್ಟು ಆಳುಗಳು ನೀರುಳ್ಳಿ ಚೀಲ, ಸಿಮೆಂಟು, ಬಾಳೆಗೊನೆ ಹೊತ್ತು ಒಳಗಿಳಿಸುತ್ತಿದ್ದರು. ಅಲ್ಲಿ ನೆರಳಿಗೆ ಕೂತಿದ್ದ ಹಿರಿಯ ಬ್ಯಾರಿಯೊಬ್ಬರನ್ನು ಕೇಳಿದೆ.

"ಇದು ಎಲ್ಲಿಗೆ ಹೋಗುದು ಕಾಕ?"

"ದ್ವೀಪಕ್ಕೆ. ಅಮೀನಿ, ಕಡಮತ್. ಮಳೆಗಾಲ ಬಂದ್ರೆ ಬಂದ್. ಈಗ ಹೋಗ್ಲಿಕ್ಕೆ ಆಗ್ತದೆ."

"ಅಲ್ಲಿಂದ ಬರುವಾಗ ಎಂತ ತರ್ತಾರೆ?"

"ಮೊದಲು ಹುರಿ ಬರ್ತಾ ಇತ್ತು, ತೆಂಗಿನಕಾಯಿ ಬರ್ತಾ ಇತ್ತು. ಈಗ ಹೆಚ್ಚು ಖಾಲಿ ಬರುದು ಮಾರಾಯ್ರೆ."

ಎರಡು ಮಾತಿನಲ್ಲಿ ಅವರು ಒಂದು ಇಡೀ ಕಾಲವನ್ನು ಹೇಳಿ ಮುಗಿಸಿದ್ದರು. ಅಮಿನಿದಿವಿ ದ್ವೀಪಗಳು, ಅಂದರೆ ಅಮೀನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ, ಒಂದು ಕಾಲಕ್ಕೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂದು ಎಷ್ಟು ಜನರಿಗೆ ಗೊತ್ತು? ಕಣ್ಣೂರಿನ ಅಲಿ ರಾಜ ಮನೆತನದ ಕೈಯಿಂದ 1787ರಲ್ಲಿ ಟಿಪ್ಪುವಿಗೆ, 1799ರಲ್ಲಿ ಕಂಪನಿಗೆ ಬಂದು, 1956ರ ನವೆಂಬರ್ 1ರವರೆಗೂ ಮಂಗಳೂರಿನಿಂದಲೇ ಅವುಗಳ ಆಡಳಿತ ನಡೆಯಿತು. ಹವಳದ ಮರಳಿನ ಮೇಲೆ ತೆಂಗು ಬಿಟ್ಟರೆ ಭತ್ತ ಬೆಳೆಯದು. ದ್ವೀಪದ ಹೆಂಗಸರು ತೆಂಗಿನ ಸಿಪ್ಪೆ ಕೊಳೆಹಾಕಿ, ಬಡಿದು, ನಾರು ಹೊಸೆದು ಹುರಿ ಮಾಡಿದರೆ ಗಂಡಸರು ಅದನ್ನು ಓಡಂ ಎಂಬ ದೋಣಿಗಳಲ್ಲಿ ಮಂಗಳೂರಿಗೆ ತಂದು ಅಕ್ಕಿ ಒಯ್ಯುತ್ತಿದ್ದರು. ಹುರಿಯ ಮೇಲೆ ಸರಕಾರದ ಏಕಸ್ವಾಮ್ಯ ಇತ್ತು, ಹುರಿಗೆ ಇಷ್ಟು ಅಕ್ಕಿ ಎಂದು ಸರಕಾರವೇ ದರ ಕಟ್ಟಿತ್ತು. ವೈಲ್ಡ್ ಕೇನ್ ಕೇ ದ್ವೀಪದವರ ಬದುಕಿನ ಲೆಕ್ಕ ಚೂರುಗಳಲ್ಲಿ ಸಿಕ್ಕರೆ, ಇವರದ್ದು ಜಿಲ್ಲೆಯ ಕಡತಗಳಲ್ಲಿ ಬರೆದೇ ಇದೆ.

ಹುರಿ ಎಂದರೆ ಬಾವಿಯ ಹಗ್ಗ ಎಂದುಕೊಳ್ಳಬೇಡಿ. ಅರಬ್ಬಿ ಕಡಲಿನ ಹಳೆಯ ಹಡಗುಗಳಿಗೆ ಕಬ್ಬಿಣದ ಮೊಳೆಯೇ ಇರಲಿಲ್ಲ. ಹಲಗೆಯ ಅಂಚಿನಲ್ಲಿ ತೂತು ಕೊರೆದು, ಸಂದಿಗೆ ನಾರು ತುಂಬಿ, ಹುರಿಯಿಂದ ಹೊಲಿಯುತ್ತಿದ್ದರು. ಟಿಮ್ ಸೆವೆರಿನ್ ಎಂಬ ಸಾಹಸಿ ಹಾಗೆ ಹೊಲಿದ 'ಸೊಹಾರ್' ಎಂಬ ಹಡಗನ್ನು ಒಮಾನಿನಲ್ಲಿ ಕಟ್ಟಿಸಿ 1980ರಲ್ಲಿ ಮಸ್ಕತ್ತಿನಿಂದ ಚೀನಾಕ್ಕೆ ಹಾಯಿ ಬಿಟ್ಟರು. ಮರ ಮಲಬಾರಿನದು, ಹೊಲಿಯಲು ಬಂದವರು ಲಕ್ಷದ್ವೀಪದವರು. ಬೆಟ್ಟದ ಮರ, ದ್ವೀಪದ ಹುರಿ: ಎರಡರಲ್ಲಿ ಒಂದು ಇಲ್ಲದಿದ್ದರೂ ಆ ಕಡಲಲ್ಲಿ ವ್ಯಾಪಾರ ಇರುತ್ತಿರಲಿಲ್ಲ.

ಮಂಗಳೂರಿನಿಂದ ಕರಾವಳಿ ಹಿಡಿದು ಉತ್ತರಕ್ಕೆ ಹೊರಟೆ. ಮಲ್ಪೆಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅದರೆದುರಿನ ಸೇಂಟ್ ಮೇರಿಸ್ ದ್ವೀಪದ ಕಲ್ಲುಕಂಬಗಳು ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ಭಾರತವನ್ನು ಬಿಟ್ಟು ಸರಿಯುವಾಗ ಉಕ್ಕಿದ ಲಾವಾದವು. ನೋಡಿದರೆ ಕಣ್ಣು ತುಂಬುತ್ತದೆ, ಆದರೆ ಅದು ಮನುಷ್ಯರ ಕಥೆಯಲ್ಲ. ಮನುಷ್ಯರ ಕಥೆ ಬೇರೆ ಇದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ, ಎರಡನೆಯ ಶತಮಾನದ ಒಂದು ಗ್ರೀಕ್ ಪ್ರಹಸನ ನಡೆಯುವುದು ಭಾರತದ ಕರಾವಳಿಯಲ್ಲಿ. ಅದರ ಅರಸ ಗ್ರೀಕಲ್ಲದ ಏನೋ ಭಾಷೆ ಆಡುತ್ತಾನೆ. 1904ರಲ್ಲಿ ಹುಲ್ಷ್ ಎಂಬ ಜರ್ಮನ್ ವಿದ್ವಾಂಸರು ಅದು ಕನ್ನಡ ಇರಬಹುದೆಂದರು; ಮಂಜೇಶ್ವರದ ಗೋವಿಂದ ಪೈಯವರು ಆ ವಾದವನ್ನು ಬೆಳೆಸಿದರು; ತುಳುವ ಇತಿಹಾಸ ಬರೆದ ಭಾಸ್ಕರ ಆನಂದ ಸಾಲೆತ್ತೂರರು ಆ ಕಥೆಯ ಜಾಗ ಮಲ್ಪೆ ಎಂದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ನನಗೆ ಮಾತ್ರ ಮಂಜೇಶ್ವರದ ಮನೆಯಲ್ಲಿ ಕೂತು ನೈಲ್ ದಂಡೆಯ ಕಾಗದದಲ್ಲಿ ಕನ್ನಡ ಹುಡುಕಿದ ಆ ಹಿರಿಯರ ಹುರುಪೇ ದೊಡ್ಡದು.

ಕೆಮ್ಮಣ್ಣಿನಲ್ಲಿ ಸ್ವರ್ಣಾ ನದಿಯ ಮೇಲೆ ತೂಗುಸೇತುವೆ ಹತ್ತಿ ತಿಮ್ಮಣ್ಣ ಕುದ್ರುವಿಗೆ ದಾಟಿದೆ. ಹೆಜ್ಜೆಗೆ ಹೆಜ್ಜೆ ಅಲುಗುವ ಈ ಸೇತುವೆ ಕಟ್ಟಿದವರು ನಮ್ಮ ಸುಳ್ಯದ ಗಿರೀಶ್ ಭಾರದ್ವಾಜರು. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಮೊದಲ ತೂಗುಸೇತುವೆ ಹಾಕಿ, ಆಮೇಲೆ ನೂರಕ್ಕೂ ಹೆಚ್ಚು ಊರುಗಳನ್ನು ಜೋಡಿಸಿದವರು. ಬೆಟ್ಟದವರು ಕುದ್ರುವಿಗೆ ಈಗಲೂ ಏನಾದರೂ ಕಳಿಸುತ್ತಲೇ ಇದ್ದಾರೆ ಎಂದು ಹೆಮ್ಮೆಯಾಯಿತು.

ಬಾರ್ಕೂರು ಸೀತಾ ನದಿಯ ದಂಡೆಯಲ್ಲಿದೆ, ಕಡಲಿನಿಂದ ತುಸು ಒಳಗೆ. ಆಳುಪರ ರಾಜಧಾನಿ, ಆಮೇಲೆ ವಿಜಯನಗರದ ಬಾರಕೂರು ರಾಜ್ಯದ ಕೇಂದ್ರ. ಯಾತ್ರಿಕ ಇಬ್ನ್ ಬತೂತಾ 1342ರ ಸುಮಾರಿಗೆ ಫಾಕನೂರು ಎಂದು ಬರೆದದ್ದು ಇದನ್ನೇ. ಇಲ್ಲಿಯ ಅರಸನಿಗೆ ಮೂವತ್ತರಷ್ಟು ಯುದ್ಧನೌಕೆಗಳಿದ್ದವು, ದಾಟಿಹೋಗುವ ಹಡಗು ನಿಂತು ಬಂದರಿನ ಹಕ್ಕು ಸಲ್ಲಿಸಿಯೇ ಮುಂದೆ ಹೋಗಬೇಕಿತ್ತು ಎಂದು ಅವನ ವರದಿ. ಮಂಗಳೂರಿನಲ್ಲಿ ಪಾರಸಿಕ, ಯೆಮನ್ ವ್ಯಾಪಾರಿಗಳು ಇಳಿಯುತ್ತಾರೆ, ಅಲ್ಲಿ ಮೆಣಸು ಶುಂಠಿ ಧಾರಾಳ ಎಂದೂ ಬರೆದ. ಕತ್ತಲೆ ಬಸದಿಯ ಕಲ್ಲುಗಳ ನಡುವೆ ಮಧ್ಯಾಹ್ನದವರೆಗೆ ತಿರುಗಿದೆ. ಮೂಡುಕೇರಿ, ಕೋಟೆಕೇರಿ, ಮಣಿಗಾರಕೇರಿ, ಚೌಳಿಕೇರಿ: ಕೇರಿಗಳ ಹೆಸರು ಇನ್ನೂ ಬಳಕೆಯಲ್ಲಿದೆ, ಪಟ್ಟಣ ಮಾತ್ರ ತೆಂಗಿನ ತೋಟವಾಗಿದೆ. ಒಂದು ಕಟ್ಟೆಯ ಬದಿಯಲ್ಲಿ ಮುರಕಲ್ಲಿನ ಅಡಿಪಾಯದ ಸಾಲು ಕಂಡಿತು; ಬೆರಳಿನಿಂದ ಹಾವಸೆ ಒರೆಸಿದರೆ ಉಳಿಯ ಏಟುಗಳು ಓರೆ ಓರೆಯಾಗಿ, ಒಂದರ ಪಕ್ಕ ಒಂದು. ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನಲ್ಲಿದ್ದ ಪಾದೂರು ಗುರುರಾಜ ಭಟ್ಟರು ಈ ನೆಲದ ಒಂದೊಂದು ಗುಡಿ, ಒಂದೊಂದು ಶಾಸನದ ಹಿಂದೆ ನಡೆದೇ ಹೋಗಿ 1975ರಲ್ಲಿ ತುಳುವ ಇತಿಹಾಸ ಸಂಸ್ಕೃತಿಯ ಬೃಹತ್ ಗ್ರಂಥ ತಂದರು. ಅವರ ಋಣ ಇಲ್ಲದೆ ಇಲ್ಲಿ ಯಾವ ಕಲ್ಲನ್ನೂ ನೋಡಲಾಗದು.

ಕೊನೆಗೆ ಬಸ್ರೂರು. ಪಂಚಗಂಗಾವಳಿ ಹೊಳೆಗಳ ಜಾಲದಲ್ಲಿ ಉಪ್ಪಿನಕುದ್ರು, ಕನ್ನಡಕುದ್ರು, ಹೇರಿಕುದ್ರು ಎಂದು ಕುದ್ರುವಿನ ಮೇಲೆ ಕುದ್ರು. ಅವುಗಳ ಹಿಂದೆ ವಾರಾಹಿಯ ದಂಡೆಯಲ್ಲಿ ಈ ಊರು. ಇಲ್ಲಿಯ ಶಾಸನಗಳಲ್ಲಿ ಸೆಟ್ಟಿಕಾರರು, ನಖರರು, ಹಂಜಮಾನದವರು ಬರುತ್ತಾರೆ. ಹಂಜಮಾನ ಎಂದರೆ ಕಡಲಾಚೆಯಿಂದ ಬಂದು ನೆಲೆಸಿದ ವ್ಯಾಪಾರಿಗಳ ಕೂಟ. ಅವರನ್ನೂ ಊರಿನ ವ್ಯವಹಾರದೊಳಗೆ ಸೇರಿಸಿಕೊಂಡು ಕಲ್ಲಿನಲ್ಲಿ ಬರೆದಿಟ್ಟ ಊರು ಇದು. ಅರಬ್ಬಿ ಕುದುರೆ ಇಳಿಯುತ್ತಿತ್ತು, ಇಲ್ಲಿಯ ಅಕ್ಕಿ ಗೋವೆಗೆ, ಮಸ್ಕತ್ತಿಗೆ, ಹೊರ್ಮುಜ್ ದ್ವೀಪಕ್ಕೆ ಹೋಗುತ್ತಿತ್ತು. ಹೊರ್ಮುಜ್‌ನಲ್ಲಿ ಉಪ್ಪಿನ ಗುಡ್ಡ ಬಿಟ್ಟರೆ ಹಸುರಿಲ್ಲ. ಆ ಅಕ್ಕಿಗಾಗಿಯೇ 1569ರಲ್ಲಿ ಪೋರ್ಚುಗೀಸರು ಬಂದು ಕೋಟೆ ಹಾಕಿದರು. 1665ರ ಫೆಬ್ರವರಿಯಲ್ಲಿ ಶಿವಾಜಿ ಸ್ವತಃ ನೌಕಾದಂಡು ತಂದು ಬಸ್ರೂರನ್ನು ಸೂರೆ ಮಾಡಿದ. ಅಷ್ಟು ಸಂಪತ್ತಿದ್ದ ಊರಿನ ದಂಡೆಯಲ್ಲಿ ಈಗ ಗದ್ದೆ, ತೆಂಗು, ದೇವಸ್ಥಾನಗಳು. ಬಂದರು ಕಡಲಂಚಿನಲ್ಲಿರದೆ ಇಷ್ಟು ಒಳಗೆ ಏಕೆ ಎಂದು ದೋಣಿ ನಡೆಸುತ್ತಿದ್ದ ಹಿರಿಯರನ್ನು ಕೇಳಿದೆ.

"ಕಡಲ್ ಕರೆಯಂಗೆ ದೋಣಿ ನಿಲ್ಸುಕ್ ಆತ್ತಾ? ಮಳ್ಗಾಲ್ದಂಗೆ ಎಂತ ಉಳೀತ್ತ್? ಇಲ್ಲ್ ಭರ್ತದಂಗೆ ಒಳ್ಗ್ ಬಪ್ಪುದ್, ಇಳ್ತದಂಗೆ ಹೊರ್ಗ್ ಹೋಪುದ್. ನೀರೇ ಹೊತ್ಕಂಡ್ ಹೋತ್ತ್."

ದಿನಕ್ಕೆ ಎರಡು ಸಲ ಕಡಲು ತಾನೇ ಬಂದು ಊರ ಬಾಗಿಲಲ್ಲಿ ಹಡಗು ಬಿಟ್ಟುಹೋಗುತ್ತದೆ. ಕಾಸು ಖರ್ಚಿಲ್ಲ, ಗಾಳಿಯ ಹಂಗಿಲ್ಲ. ಕಡಲಿಂದ ಬರುವ ಕಳ್ಳರಿಗೆ ಕುದ್ರುಗಳ ನಡುವೆ ದಾರಿ ತಪ್ಪುತ್ತದೆ, ಘಟ್ಟದಿಂದ ಬರುವ ಎತ್ತಿಗೆ ದಾರಿ ಉಳಿಯುತ್ತದೆ. ಬಾರ್ಕೂರು ಒಳಗಿರುವುದೂ ಇದಕ್ಕೇ, ಮಂಗಳೂರು ಅಳಿವೆಯ ಹಿಂದೆ ಅಡಗಿರುವುದೂ ಇದಕ್ಕೇ. ಇಸ್ಲಾ ಸೆರಿಟೋಸ್‌ನವರು ಕಲ್ಲಿನ ಗೋಡೆ ಕಟ್ಟಿ ಪಡೆದ ಆಸರೆಯನ್ನು ನಮ್ಮವರಿಗೆ ಹೊಳೆಯೇ ಕೊಟ್ಟಿತ್ತು.

"ಎಲ್ಲಾಯ್ತ್ ನಿಮ್ಗೆ?" ಎಂದರು ಅವರು.

"ಕಡಬ."

"ಹೋ, ಸುಬ್ರಮಣ್ಯದ್ ಹತ್ರ. ಗಂಗೊಳ್ಳಿ ಅಳ್ವಿ ಕಂಡಿರಾ? ಐದ್ ಹೊಳಿ ಒಟ್ಟಿಗ್ ಕಡ್ಲಿಗ್ ಹೋಪುದ್ ಅಲ್ಲೇ. ಇಳ್ತ ಸುರು ಆಯ್ತ್, ಕೂಕಣಿ."

ಕೂತೆ. ಅವರು ಹುಟ್ಟನ್ನು ಎತ್ತಿ ಮೊಣಕಾಲ ಮೇಲೆ ಅಡ್ಡ ಇಟ್ಟರು, ದೋಣಿ ಗಂಗೊಳ್ಳಿಯ ಕಡೆಗೆ ಹೊರಟಿತು.